ಕಾರೊಳಗೆ ಮಳೆನೀರು: ದಾರಿ ಹುಡುಕಿದ್ದು ಹೀಗೆ

ಕಾರಿನ ಮ್ಯಾಟ್ ಎತ್ತಿದಾಗ ಅಡಿಯಲ್ಲಿ ನೀರು ಕಂಡರೆ ಮೊದಲು ಬೆರಳು ಅದ್ದಿ ಮೂಸಿ ನೋಡಿ. ಸಂದು ಮುಚ್ಚುವ ಸಿಲಿಕೋನ್ ಟ್ಯೂಬ್ ತರಲು ಅಂಗಡಿಗೆ ಆಮೇಲೆ ಹೋದರಾಯಿತು. ನೀರು ಅಂಟಂಟಾಗಿದ್ದು, ಸಿಹಿ ವಾಸನೆ ಬಂದು, ಹಸಿರೋ ಗುಲಾಬಿಯೋ ಬಣ್ಣ ಇದ್ದರೆ ಅದು ಕೂಲಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ. ಹೀಟರ್ ಕಡೆಯಿಂದ ಸೋರುತ್ತಿದೆ, ಮೆಕ್ಯಾನಿಕ್ ಹತ್ತಿರವೇ ಹೋಗಬೇಕು. ಬಣ್ಣ, ವಾಸನೆ ಏನೂ ಇಲ್ಲದೆ ಎಸಿ ಹಾಕಿದ ದಿನ ಮಾತ್ರ ಒದ್ದೆಯಾಗುತ್ತಿದ್ದರೆ ಎಸಿ ನೀರು ಹೊರಗೆ ಹೋಗುವ ಪೈಪ್ ಕಟ್ಟಿಕೊಂಡಿರುತ್ತದೆ. ನನ್ನ ಕಾರಿನಲ್ಲಿ ಇದ್ದದ್ದು ಇವೆರಡೂ ಅಲ್ಲ. ಕಪ್ಪು ಚಹಾದ ಬಣ್ಣದ ನೀರು, ಕೊಳೆತ ಎಲೆಯ ವಾಸನೆ. ಜೊತೆಗೆ ಬೆಳಿಗ್ಗೆ ಗಾಜಿಗೆಲ್ಲ ಒಳಗಿನಿಂದ ಮಂಜು.

ನಾವಿರುವುದು ತೀರ್ಥಹಳ್ಳಿ ಕಡೆ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಆರಿದ್ರಾ ಮಳೆ ಹಿಡಿಯಿತು ಅಂದರೆ ಪುಷ್ಯ ಮುಗಿಯುವ ತನಕ ಕಾರಿನ ಮೈ ಒಣಗುವುದಿಲ್ಲ. ಕಾರಿಗೆ ಶೆಡ್ ಬೇರೆ ಇಲ್ಲ. ಅಂಗಳದ ಅಂಚಿನಲ್ಲಿ, ಅಕೇಶಿಯಾ ಮರದ ಅಡಿಯಲ್ಲಿ ನಿಲ್ಲುತ್ತದೆ. ಹಳೆಯ ಸಣ್ಣ ಕಾರು, ಸನ್‌ರೂಫ್ ಇಲ್ಲ. ಅದೊಂದು ಪುಣ್ಯ.

ಹುಡುಕಲು ಕೂರುವ ಮೊದಲು ಒಂದು ವಿಷಯ ತಲೆಯಲ್ಲಿ ಇರಬೇಕು. ಕಾರಿನ ಬಾಡಿ ಒಳಗೆ ಒಂದು ಹನಿಯೂ ಬರಬಾರದು ಅಂತ ಯಾರೂ ಕಾರು ಮಾಡುವುದಿಲ್ಲ. ಮುಂದಿನ ಗಾಜಿನ ಮೇಲೆ ಬಿದ್ದ ನೀರು ವೈಪರ್ ಕೆಳಗಿನ ಜಾಲರಿಯೊಳಗೆ ಇಳಿಯುತ್ತದೆ. ಬಾಗಿಲಿನ ಗಾಜಿನ ಮೇಲಿನ ನೀರು ಬಾಗಿಲಿನ ಹೊಟ್ಟೆಯೊಳಗೆ ಇಳಿಯುತ್ತದೆ. ಸನ್‌ರೂಫ್ ಇದ್ದರೆ ಅದರ ಸುತ್ತಲಿನ ಕಾಲುವೆಯಲ್ಲೂ ನೀರು ತುಂಬುತ್ತದೆ. ಹೀಗೆ ಇಳಿದ ನೀರು ಹೊರಗೆ ಹೋಗಲು ದಾರಿ ಮಾಡಿಟ್ಟಿರುತ್ತಾರೆ. ನಾನು ಕಂಡ ಸೋರಿಕೆಗಳಲ್ಲಿ ಜಾಸ್ತಿ ಆ ದಾರಿ ಮುಚ್ಚಿದ್ದರಿಂದಲೇ ಆದವು. ಹೊಸ ತೂತು ಬಿದ್ದದ್ದು ಕಡಿಮೆ. ಹಾಗಿರುವಾಗ ಸಂದು ಕಂಡಲ್ಲೆಲ್ಲ ಸೀಲೆಂಟ್ ಮೆತ್ತಿದರೆ ಇದ್ದ ದಾರಿಯೂ ಹೋಯಿತು, ಅಲ್ವಾ?

ನೀರು ಕಂಡ ಜಾಗವನ್ನೂ ನಂಬುವ ಹಾಗಿಲ್ಲ. ನಮ್ಮ ಅಂಗಳ ತೋಟದ ಕಡೆಗೆ ಇಳಿಜಾರು. ಕಾರಿನ ಮೂತಿ ಆ ಕಡೆಗೇ ಇರುತ್ತಿತ್ತು. ಹಿಂದೆಲ್ಲೋ ಒಳಬಂದ ನೀರು ಕಾರ್ಪೆಟ್ ಅಡಿಯಲ್ಲೇ ಹರಿದು ಮುಂದೆ ಬಂದು ನಿಲ್ಲಬಹುದು. ಅದಕ್ಕೆ ಒಂದೆರಡು ದಿನ ಕಾರನ್ನು ತಿರುಗಿಸಿ ನಿಲ್ಲಿಸಿದೆ. ಮುಂದಿನ ಎಡಸೀಟಿನ ಕಾಲಡಿ ಮತ್ತೆ ಒದ್ದೆಯಾಯಿತು. ಅದರ ಜೊತೆಗೆ ಹಿಂದಿನ ಎಡ ಬಾಗಿಲ ಹತ್ತಿರವೂ ತೇವ ಕಂಡಿತು. ಅಂದರೆ ಸೋರಿಕೆ ಎರಡು. ಒಂದರ ನೀರು ಇನ್ನೊಂದನ್ನು ಮರೆಮಾಡಿತ್ತು.

ಪೈಪ್ ಹಿಡಿದು ನೀರು ಬಿಡುವುದಕ್ಕೂ ಒಂದು ಕ್ರಮ ಇದೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಬೇಡ. ಮಳೆ ಹೋಗದ ಜಾಗಕ್ಕೂ ಅದು ನೀರು ನುಗ್ಗಿಸುತ್ತದೆ. ಗಿಡಕ್ಕೆ ನೀರು ಬಿಡುವ ಸಾದಾ ಪೈಪ್ ಸಾಕು, ಅದೂ ನಿಧಾನ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೊದಲೇ ಚಾವಣಿ ಮೇಲೆ ಬಿಟ್ಟರೆ ನೀರು ಎಲ್ಲ ಕಡೆ ಇಳಿದು ಯಾವುದೂ ಗೊತ್ತಾಗುವುದಿಲ್ಲ. ಒಂದೊಂದು ಜಾಗಕ್ಕೆ ಐದಾರು ನಿಮಿಷ ಕೊಟ್ಟು, ಒಳಗೆ ನೋಡಿ, ಮುಂದಕ್ಕೆ ಹೋಗಬೇಕು. ಒಳಗೆ ಟಾರ್ಚ್ ಹಿಡಿದು ಕೂರಲು ಒಬ್ಬರು ಬೇಕು. ನಮ್ಮನೆಯಲ್ಲಿ ಆ ಕೆಲಸ ಮಗಳದ್ದು. ಅದಕ್ಕೆ ಮೊದಲು ಅನುಮಾನ ಇದ್ದ ಕಡೆಯೆಲ್ಲ ಒಳಗೆ ಒಣಬಟ್ಟೆಯಲ್ಲಿ ಒರೆಸಿ ಟಾಲ್ಕಂ ಪೌಡರ್ ಉದುರಿಸಿದ್ದೆ. ನೀರು ಹರಿದರೆ ಪೌಡರಿನ ಮೇಲೆ ಗೆರೆ ಬೀಳುತ್ತದೆ.

ಮುಂದಿನ ಬಾಗಿಲ ಬುಡಕ್ಕೆ ಬಿಟ್ಟೆ, ಏನಿಲ್ಲ. ಹಿಂಜಸ್ ಕಡೆ ಬಿಟ್ಟೆ, ಏನಿಲ್ಲ. ವೈಪರ್ ಕೆಳಗಿನ ಜಾಲರಿಯನ್ನು ಪ್ಲಾಸ್ಟಿಕ್ ಹಾಳೆ ಹಾಕಿ ಟೇಪ್ ಹಚ್ಚಿ ಮುಚ್ಚಿ, ಮುಂದಿನ ಗಾಜಿನ ಅಂಚಿಗೆ ಬಿಟ್ಟೆ. ಆಗಲೂ ಒಣ. ಹಾಳೆ ತೆಗೆದು ಜಾಲರಿಗೇ ನೀರು ಬಿಟ್ಟೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಕೂಗು.

"ಅಪ್ಪಯ್ಯ, ಬಂತು! ಫ್ಯಾನ್ ಕಡೆಯಿಂದ ಬರ್ತಿದೆ!"

"ಎಷ್ಟು ಬರ್ತಿದೆ?"

"ಧಾರೆಯಾಗೇ ಬರ್ತಿದೆ, ನೀವು ನಿಲ್ಸಿ!"

ಆ "ಸ್ವಲ್ಪ ಹೊತ್ತು" ಅನ್ನುವುದರಲ್ಲೇ ಉತ್ತರ ಇತ್ತು. ಜಾಲರಿಯ ಕೆಳಗೆ ಒಂದು ಅಗಲ ತೊಟ್ಟಿ ಇದೆ. ನೀರು ಅದರಲ್ಲಿ ಎರಡೂ ಪಕ್ಕಕ್ಕೆ ಹರಿದು, ಮುಂದಿನ ಚಕ್ರಗಳ ಹಿಂದುಗಡೆ ನೆಲಕ್ಕೆ ಬೀಳಬೇಕು. ಬ್ಲೋವರ್ ಫ್ಯಾನಿಗೆ ಹೊರಗಾಳಿ ಎಳೆಯುವ ಬಾಯಿಯೂ ಅದೇ ತೊಟ್ಟಿಯಲ್ಲಿದೆ. ಬಾಯಿಯ ಸುತ್ತ ಒಂದು ಎತ್ತರದ ಅಂಚು ಇರುತ್ತದೆ. ಹೊರಹೋಗುವ ದಾರಿ ಕಟ್ಟಿದರೆ ನೀರು ನಿಂತು, ಮಟ್ಟ ಏರಿ, ಅಂಚು ದಾಟಿ ಫ್ಯಾನಿನೊಳಗೆ ಬೀಳುತ್ತದೆ. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕಿರುವುದರಿಂದ ಸಾಮಾನ್ಯವಾಗಿ ಫ್ಯಾನ್ ಎಡಗಡೆ, ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಎಡಸೀಟಿನ ಕಾಲಡಿಯೇ ಯಾಕೆ ಒದ್ದೆ ಅಂತ ಈಗ ಗೊತ್ತಾಯಿತಲ್ಲ. ತುಂತುರು ಮಳೆಯಲ್ಲಿ ಸೋರದೆ ಜಡಿಮಳೆಯಲ್ಲಿ ಮಾತ್ರ ಸೋರುತ್ತಿದ್ದದ್ದೂ ಇದಕ್ಕೇ. ಗ್ಲೋವ್ ಬಾಕ್ಸ್ ಕಳಚಿ ಎಸಿ ಫಿಲ್ಟರ್ ಎಳೆದೆ. ಹಿಂಡಿದರೆ ನೀರು, ಮಧ್ಯದ ತನಕ ಮಣ್ಣಿನ ಗೆರೆ.

ಜಾಲರಿ ಬಿಚ್ಚಲು ವೈಪರ್ ತೋಳು ತೆಗೆಯಬೇಕು. ತೆಗೆಯುವ ಮೊದಲು ವೈಪರ್ ನಿಂತ ಜಾಗಕ್ಕೆ ಗಾಜಿನ ಮೇಲೆ ಒಂದು ತುಂಡು ಟೇಪ್ ಹಚ್ಚಿ. ಇಲ್ಲದಿದ್ದರೆ ಆಮೇಲೆ ವೈಪರ್ ಎಲ್ಲೋ ನಿಲ್ಲುತ್ತದೆ. ಬುಡದ ಮುಚ್ಚಳದ ಕೆಳಗೆ ನಟ್ ಇರುತ್ತದೆ. ನಟ್ ತೆಗೆದ ಮೇಲೂ ತೋಳು ಬರುವುದಿಲ್ಲ, ತುಕ್ಕಿಗೆ ಹಿಡಿದುಕೊಂಡಿರುತ್ತದೆ. ತುಕ್ಕು ಸಡಿಲಿಸುವ ಸ್ಪ್ರೇ ಡಬ್ಲ್ಯೂಡಿ-40 ಸ್ವಲ್ಪ ಹೊಡೆದು, ಬುಡ ಹಿಡಿದು ಆಚೀಚೆ ಅಲ್ಲಾಡಿಸಿದರೆ ಬರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಲು ಹೋದರೆ ಗಾಜು ಒಡೆದೀತು. ಪ್ಲಾಸ್ಟಿಕ್ ಕ್ಲಿಪ್ ಒಂದೆರಡು ಮುರಿದೇ ಮುರಿಯುತ್ತವೆ, ಮೊದಲೇ ತಂದಿಟ್ಟುಕೊಳ್ಳಿ.

ಜಾಲರಿ ಎತ್ತಿದೆ. ಒಳಗೆ ಒಳ್ಳೆ ಗೊಬ್ಬರ! ಅಕೇಶಿಯಾ ಎಲೆ ಉದ್ದಕ್ಕೆ, ಸಪೂರ, ಗಟ್ಟಿ. ಹಲಸಿನ ಎಲೆಯಾಗಿದ್ದರೆ ಜಾಲರಿ ಮೇಲೇ ಕೂತಿರುತ್ತಿತ್ತು. ಇದು ಸಂದಿಯಲ್ಲಿ ನೇರ ಇಳಿದುಬಿಡುತ್ತದೆ. ಕೆಳಗಿನ ಪದರ ಕೊಳೆತು ಕಪ್ಪು ಮಣ್ಣಾಗಿತ್ತು. ಮೇಲಿನ ಎಲೆಗಳ ನರ ಇನ್ನೂ ಕಾಣುತ್ತಿತ್ತು. ಬಲಮೂಲೆಯಲ್ಲಿ ಯಾವುದೋ ಬೀಜ ಮೊಳೆತು ಎರಡೆಲೆ ಬಿಟ್ಟಿತ್ತು. ಮಗಳಿಗೆ ಅದನ್ನು ಕುಂಡದಲ್ಲಿ ನೆಡುವ ಆಸೆ.

ಮಣ್ಣನ್ನೆಲ್ಲ ಕೈಯಿಂದಲೇ ಬಾಚಿ ತೆಗೆದೆ. ಪೈಪ್ ಹಿಡಿದು ತೊಳೆದುಬಿಡೋಣ ಅನಿಸುತ್ತದೆ. ಹಾಗೆ ಮಾಡಿದರೆ ಅಷ್ಟೂ ಮಣ್ಣು ಹೋಗಿ ಬುಡದ ತೂತಲ್ಲೇ ಕೂರುತ್ತದೆ. ತೂತಿನ ತುದಿಯಲ್ಲಿ ಒಂದು ರಬ್ಬರ್ ಬಾಯಿ ಇತ್ತು. ಅದರ ತುಟಿ ಅಂಟಿಕೊಂಡಿತ್ತು. ಬೆರಳಲ್ಲಿ ಹಿಸುಕಿದರೆ ಕೆಸರಿನ ಉಂಡೆ ಪುಳಕ್ಕನೆ ಬಿತ್ತು. ಒಳದಾರಿಗೆ ಕಳೆ ಕತ್ತರಿಸುವ ಮಷಿನ್ನಿನ ನೈಲಾನ್ ದಾರ ಬಿಟ್ಟು ಆಡಿಸಿದೆ. ತಂತಿ ಬೇಡ. ಒಳಗೆ ಪೇಂಟ್ ಗೀರಿದರೆ ಅಲ್ಲಿಂದ ತುಕ್ಕು ಶುರು. ಕೊನೆಗೆ ಒಂದು ಕೊಡ ನೀರು ಸುರಿದೆ. ಎರಡೂ ಚಕ್ರದ ಹಿಂದೆ ದಬದಬ ಬಿತ್ತು. ಒಳಗಿನ ಪೌಡರ್ ಹಾಗೇ ಇತ್ತು. ಈ ಸೋರಿಕೆಗೆ ಸೀಲೆಂಟ್ ಒಂದು ತೊಟ್ಟೂ ಬೇಕಾಗಲಿಲ್ಲ.

ಹಿಂದಿನ ಬಾಗಿಲಿನ ಕಥೆ ಬೇರೆ. ಬಾಗಿಲು ತೆರೆದು ಮುಚ್ಚಿದಾಗ ಒಳಗೆ ಗುಳುಗುಳು ಸದ್ದು. ಬಾಗಿಲಿನ ಕೆಳಅಂಚಿನಲ್ಲಿ ಸಣ್ಣ ಸೀಳು ತೂತುಗಳಿರುತ್ತವೆ. ಕಡ್ಡಿಪೊರಕೆಯ ಒಂದು ಕಡ್ಡಿ ಆಡಿಸಿದೊಡನೆ ಕೆಂಪು ನೀರು ಸುರಿಯಿತು. ಕೆಲಸ ಮುಗಿಯಿತು ಅಂದುಕೊಳ್ಳುವ ಹಾಗಿರಲಿಲ್ಲ. ಮತ್ತೆ ಪೈಪ್ ಬಿಟ್ಟರೆ ಬಾಗಿಲಿನ ಒಳಮೈಯ ಅಡಿಯಿಂದ ಹನಿ ಇಳಿಯುತ್ತಲೇ ಇತ್ತು. ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಸರಿ ಇದೆಯಾ ಅಂತ ಪೇಪರ್ ಚೂರು ಇಟ್ಟು ನೋಡಿದೆ. ಬಾಗಿಲು ಹಾಕಿ ಪೇಪರ್ ಎಳೆಯಬೇಕು. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ಸುತ್ತಲೂ ಬಿಗಿ ಇತ್ತು.

ಆಮೇಲೆ ಟ್ರಿಮ್, ಅಂದರೆ ಬಾಗಿಲಿನ ಒಳಹೊದಿಕೆ ಬಿಚ್ಚಿದೆ. ಹಿಡಿಕೆಯ ಹಿಂದೆ, ಕೈ ಇಡುವ ಜಾಗದ ಅಡಿಯಲ್ಲಿ ಸ್ಕ್ರೂ, ಸುತ್ತ ಕ್ಲಿಪ್. ಒಳಗೆ ಒಂದು ಪ್ಲಾಸ್ಟಿಕ್ ಹಾಳೆ ಕಪ್ಪು ಗೋಂದಿನಲ್ಲಿ ಅಂಟಿರುತ್ತದೆ. ಬಾಗಿಲಿನ ಹೊಟ್ಟೆಯೊಳಗಿನ ನೀರು ಟ್ರಿಮ್ ಕಡೆಗೆ ಬಾರದಂತೆ ತಡೆಯುವುದು ಅದೊಂದೇ. ನೋಡಿದವರು ಇದು ಪ್ಯಾಕಿಂಗ್ ಹಾಳೆ, ಬೇಕಾಗಿಲ್ಲ ಅಂದುಕೊಳ್ಳುತ್ತಾರೆ. ಹಿಂದೊಮ್ಮೆ ಸ್ಪೀಕರ್ ಹಾಕಿಸಿದ್ದೆ. ಹಾಕಿದವರು ಹಾಳೆಯ ಕೆಳಭಾಗ ಹರಿದು, ಮಡಚಿ, ಹಾಗೇ ಬಿಟ್ಟಿದ್ದರು. ಸ್ಪೀಕರ್ ಹಾಕಿಸಿದ ಕಾರುಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು.

ಮನೆಯಲ್ಲಿ ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಇತ್ತು, ಅದು ತೆಳು. ಟಾರ್ಪಾಲಿನ ದಪ್ಪ ತುಂಡೊಂದನ್ನು ಹಳೆ ಹಾಳೆಯ ಅಳತೆಗೇ ಕತ್ತರಿಸಿದೆ. ಲೋಹದ ಮೇಲಿನ ಧೂಳು ಒರೆಸಿ, ಸ್ಪಿರಿಟ್‌ನಿಂದ ಎಣ್ಣೆ ಪಸೆ ತೆಗೆದು, ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಸುತ್ತಲೂ ಹಚ್ಚಿ ಹಾಳೆ ಒತ್ತಿದೆ. ಹಳೆ ಹಾಳೆಯ ಕೆಳತುದಿ ಬಾಗಿಲಿನ ಸೀಳಿನೊಳಗೆ ತೂರಿತ್ತು. ಇದನ್ನೂ ಹಾಗೇ ತೂರಿಸಿದೆ. ಅದು ಮುಖ್ಯ. ಹಾಳೆ ಮೇಲೆ ಇಳಿದ ಹನಿ ಬಾಗಿಲಿನೊಳಗೇ ವಾಪಸ್ ಬೀಳಬೇಕು. ಕೆಳತುದಿ ಹೊರಗಿದ್ದರೆ ಎಷ್ಟು ಚೆನ್ನಾಗಿ ಅಂಟಿಸಿದರೂ ಹನಿ ಕಾರ್ಪೆಟ್ಟಿಗೇ.

ಇಷ್ಟೆಲ್ಲ ನಡೆಯುವಾಗ ಬಂದವರೆಲ್ಲ ಹೇಳಿದ್ದು ಒಂದೇ: "ಸಿಲಿಕೋನ್ ಹೊಡೀರಿ ಮಾರಾಯ್ರೆ." ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ. ಲೋಹಕ್ಕೆ ಅದು ಆಗಿಬರುವುದಿಲ್ಲ, ತುಕ್ಕು ಹಿಡಿಸುತ್ತದೆ. ಒಮ್ಮೆ ಹಚ್ಚಿದ ಮೇಲೆ ಅಲ್ಲಿ ಪೇಂಟೂ ಕೂರುವುದಿಲ್ಲ, ಬೇರೆ ಸೀಲೆಂಟೂ ಕೂರುವುದಿಲ್ಲ. ಬಾಡಿಯ ಜಾಯಿಂಟ್ ನಿಜವಾಗಿಯೂ ಬಿರುಕು ಬಿಟ್ಟಿದ್ದರೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಿ, ಹನಿ ಅಲ್ಲಿಂದ ಬರುವುದನ್ನು ಕಣ್ಣಾರೆ ಕಂಡ ಮೇಲೆ.

ಭಾವನ ಕಾರಿಗೆ ಸನ್‌ರೂಫ್ ಇದೆ. ಅದರ ನಾಲ್ಕು ಮೂಲೆಯಿಂದ ನಾಲ್ಕು ಸಣ್ಣ ಪೈಪ್ ಕಂಬಗಳೊಳಗೆ ಇಳಿಯುತ್ತವೆ. ಅದಕ್ಕೂ ನೈಲಾನ್ ದಾರವೇ ಮದ್ದು. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆದರೆ ಪೈಪ್ ಒಳಗೇ ಕಳಚಿಕೊಳ್ಳಬಹುದು. ಆಮೇಲೆ ಚಾವಣಿಯ ಬಟ್ಟೆ ಇಳಿಸಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿಗೆ ನೀರು ತುಂಬಿದರೆ ಮೊದಲು ಹಿಂದಿನ ಲೈಟಿನ ಸುತ್ತ ನೀರು ತಡೆಯುವ ಗ್ಯಾಸ್ಕೆಟ್ ನೋಡಿ. ಮುಂದಿನ ಗಾಜಿನ ಅಂಚಿನ ಮೇಲೆ ಅನುಮಾನ ಇದ್ದರೆ ಕಿಟಕಿ ಎಲ್ಲ ಮುಚ್ಚಿ, ಹೊರಗಾಳಿ ಎಳೆಯುವ ಹಾಗೆ ಬ್ಲೋವರ್ ಪೂರ್ತಿ ಇಟ್ಟು, ಹೊರಗಿನಿಂದ ಸೋಪಿನ ನೀರು ಚಿಮುಕಿಸಿ. ಸಂದು ಇದ್ದಲ್ಲಿ ಗುಳ್ಳೆ ಬರುತ್ತದೆ. ಆದರೆ ಗಾಜು ತೆಗೆದು ಕೂರಿಸುವ ಕೆಲಸ ಗಾಜಿನವರಿಗೇ ಬಿಡಿ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಆ ಗಾಜೂ ಅದಕ್ಕೆ ಆಸರೆ ಕೊಡುತ್ತದೆ.

ಸೋರಿಕೆ ನಿಂತಿತು ಅಂತ ಕಾರ್ಪೆಟ್ ತಾನಾಗಿ ಒಣಗುವುದಿಲ್ಲ. ಮೇಲ್ಮೈ ಒಣಗಿದಂತೆ ಕಂಡರೂ ಅಡಿಯ ದಪ್ಪ ಫೋಮ್ ನೀರು ಹಿಡಿದುಕೊಂಡಿರುತ್ತದೆ. ಅದರ ಅಡಿಯಲ್ಲೇ ವೈರ್ ಹೋಗಿರುತ್ತದೆ. ಸೀಟು ಬಿಚ್ಚಿ ಕಾರ್ಪೆಟ್ ಎತ್ತಲೇಬೇಕು. ಸೀಟಿನಡಿ ಹಳದಿ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗ್ ಅಥವಾ ಬೆಲ್ಟಿಗೆ ಸೇರಿದ್ದು. ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಕೈ ಹಾಕಿ. ಎಲ್ಲ ವಾಪಸ್ ಸೇರಿಸುವ ತನಕ ಕೀ ತಿರುಗಿಸಬೇಡಿ, ಇಲ್ಲದಿದ್ದರೆ ಏರ್‌ಬ್ಯಾಗ್ ಲೈಟ್ ಹತ್ತಿ ಕೂರುತ್ತದೆ. ನನ್ನ ಕಾರಿನಲ್ಲಿ ಒಂದು ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒರೆಸಿದೆ.

ಇನ್ನು ಒಣಗಿಸುವುದು. ಪುಷ್ಯ ಮಳೆಯಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಬಚ್ಚಲೊಲೆಯ ಹತ್ತಿರ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಕಾರ್ಪೆಟ್ ಹಾಕಿದೆ. ಫೋಮ್ ಬೆಂಕಿಗೆ ಬೇಗ ಹತ್ತುತ್ತದೆ, ಅದಕ್ಕೆ ಒಲೆಯ ಬಾಯಿಯಿಂದ ಸಾಕಷ್ಟು ದೂರ. ಅಮ್ಮನಿಗೆ ಮಾತ್ರ ಸಿಟ್ಟು ಬಂತು, ಅವರ ಸೀರೆಗೆ ಜಾಗ ಇರಲಿಲ್ಲ. ವಾರ ಕಳೆದ ಮೇಲೂ ಮಧ್ಯದಲ್ಲಿ ಒತ್ತಿದರೆ ತಣ್ಣಗೆ ತಾಗುತ್ತಿತ್ತು, ಇನ್ನಷ್ಟು ದಿನ ಬಿಟ್ಟೆ. ಕಾರ್ಪೆಟ್ ಹಾಸುವಾಗ ಅಡಿಗೆ ಹಳೆ ಪೇಪರ್ ಇಟ್ಟು, ಎರಡು ಜೋರು ಮಳೆ ಹೊಯ್ದ ಮೇಲೆ ಎಳೆದು ನೋಡಿದೆ. ಗರಿಗರಿಯಾಗಿತ್ತು. ಆಮೇಲೆಯೇ ಸೀಟಿನ ಬೋಲ್ಟ್ ಬಿಗಿ ಮಾಡಿದ್ದು.

ಜಾಲರಿಗೆ ಸೊಳ್ಳೆಪರದೆಯ ಬಲೆ ಅಂಟಿಸಿ ಅಂತ ಭಾವನ ಸಲಹೆ. ಹಾಕಿ ನೋಡಿದೆ. ಎಲೆ ಬಲೆಯ ಮೇಲೆ ಒದ್ದೆಯಾಗಿ ಹಾಸಿಕೊಂಡು ಗಾಳಿಯೂ ಸರಿಯಾಗಿ ಬರಲಿಲ್ಲ, ಗಾಜಿನ ಮಂಜೂ ಬಿಡಲಿಲ್ಲ. ತೆಗೆದುಹಾಕಿದೆ. ಈಗ ಬಾನೆಟ್ ಎತ್ತಿದಾಗೆಲ್ಲ ಸಂದಿಯ ಎಲೆ ಕೈಯಲ್ಲಿ ಹೆಕ್ಕುತ್ತೇನೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಜಾಲರಿಗೆ ಒಂದು ಕೊಡ ನೀರು ಸುರಿದು ಚಕ್ರದ ಹಿಂದೆ ಬಗ್ಗಿ ನೋಡುತ್ತೇನೆ.