ಮಾವನ ‘ಬೊಂಬೆ’ ಮತ್ತು ನನ್ನ ಲಾಂಬ್ರುಸ್ಕೊ

ಈ ಸಲ ನಾನು ತುಂಬಿದ ಲಾಂಬ್ರುಸ್ಕೊ, ಅಂದರೆ ಗುಳ್ಳೆ ಏಳುವ ಇಟಲಿಯ ಕೆಂಪು ವೈನು, 600 ಬಾಟಲಿಯಲ್ಲಿ ಒಡೆದದ್ದು ಎರಡೇ. ಎಣಿಸಿದ್ದು ನಮ್ಮ ಮಾವ, ಅದೂ ಸ್ಕೂಟರ್ ಹೆಲ್ಮೆಟ್ ಹಾಕಿಕೊಂಡು ನೆಲಮಾಳಿಗೆಗೆ ಇಳಿದು.

ನಾನು ವಿಜಯಪುರದ ಕಡೆಯವನು, ಮದುವೆಯಾಗಿ ಬಂದದ್ದು ಇಟಲಿಯ ರೆಜ್ಜೊ ಎಮಿಲಿಯಾಗೆ. ಹೆಂಡತಿ ಮನೆಯವರದು ಸಲಾಮಿನೊ ಅನ್ನುವ ಲಾಂಬ್ರುಸ್ಕೊ ತಳಿಯ ದ್ರಾಕ್ಷಿ, ಬಣ್ಣಕ್ಕೆ ಅಂತ ಎರಡು ಸಾಲು ಆಂಚೆಲ್ಲೊತ್ತಾ ಅನ್ನುವ ಇನ್ನೊಂದು ತಳಿ. ಹಣ್ಣೆಲ್ಲ ಸಹಕಾರ ಸಂಘಕ್ಕೆ ಹೋಗುತ್ತಿತ್ತು, ಕ್ವಿಂಟಲಿಗೆ 50 ಯೂರೊ ಸಿಕ್ಕರೆ ಹಬ್ಬ. ಎಮಿಲಿಯಾ ಐಜಿಟಿ, ಅಂದರೆ ಈ ಸೀಮೆಯ ವೈನು ಅಂತ ಹೇಳುವ, ಲೇಬಲ್ ಹಚ್ಚಿ ನಾವೇ ಮಾರೋಣ ಅಂದೆ. ಇಲ್ಲಿ ಹೆಚ್ಚಿನವರು ಒತ್ತಡದ ಟ್ಯಾಂಕಿನಲ್ಲಿ ಗ್ಯಾಸ್ ಬರಿಸುತ್ತಾರೆ, ಅದಕ್ಕೆ ನಮ್ಮಲ್ಲಿ ದುಡ್ಡಿಲ್ಲ. ಹಳೇ ಕಾಲದವರಂತೆ ಬಾಟಲಿಯೊಳಗೇ ಎರಡನೇ ಸಲ ಹುದುಗಿಸುತ್ತೇನೆ ಅಂದಾಗ ಮಾವ “ಬೊಂಬೆ, ಬೊಂಬೆ” ಅಂದರು. ಇವರ ಭಾಷೆಯಲ್ಲಿ ಬೊಂಬೆ ಅಂದರೆ ಬಾಂಬುಗಳು.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ಬಾಟಲಿಯೊಳಗೆ ಹೆಚ್ಚುಕಡಿಮೆ ಒಂದು ಬಾರ್ ಒತ್ತಡ ಏಳುತ್ತದೆ. ನಾನು 10 ಗ್ರಾಂ ಸೇರಿಸಿದೆ, ಆದರೆ ವೈನಿನಲ್ಲಿ ಮೊದಲೇ ಉಳಿದಿದ್ದ ಏಳೆಂಟು ಗ್ರಾಂ ಅಳೆಯಲೇ ಇಲ್ಲ. ಮೇಲಾಗಿ ಅಗ್ಗಕ್ಕೆ ಸಿಕ್ಕಿತು ಅಂತ ತೆಳು ಬಾಟಲಿ. ಜೂನ್ ಸೆಕೆಗೆ ಒಂದು ಒಡೆದರೆ ಪಕ್ಕದ್ದೂ ಹೋಗುತ್ತಿತ್ತು. ನೂರಿಪ್ಪತ್ತು ಬಾಟಲಿ, ಸುಮಾರು 400 ಯೂರೊ, ಗೋಡೆಗೆ ಸುಣ್ಣ ಹೊಡೆಸಿದ್ದು ಬೇರೆ.

ಎರಡನೇ ವರ್ಷ ಅರ್ಧ ಬಾಟಲಿ ಸಪ್ಪೆ, ಅರ್ಧ ಕಾರಂಜಿ. ಮಾಳಿಗೆಯ ಚಳಿ ಅಂದುಕೊಂಡು ಹೀಟರ್ ಇಟ್ಟೆ, ಕರೆಂಟ್ ಬಿಲ್ ಏರಿದ್ದೇ ಬಂತು. ತಪ್ಪು ಇದ್ದದ್ದು ರಸದಲ್ಲಿ. ಇಲ್ಲಿ ಅಂಗಡಿ ಸಕ್ಕರೆ ಹಾಕುವ ಹಾಗಿಲ್ಲ, ಹಾಗಾಗಿ ಸೆಪ್ಟೆಂಬರಿನಲ್ಲೇ ದ್ರಾಕ್ಷಿ ರಸ ಫ್ರೀಜರಿಗೆ ಹಾಕಿ ವಸಂತಕ್ಕೆ ತೆಗೆಯುತ್ತೇನೆ. ಅದು ಕರಗುವಾಗ ಸಿಹಿ ಭಾಗ ಮೊದಲು ಇಳಿಯುತ್ತದೆ, ಉಳಿದ ಗಡ್ಡೆ ಬರೀ ನೀರು. ನಾನು ಕರಗಿದಷ್ಟನ್ನು ಒಂದು ಡ್ರಮ್ಮಿಗೆ, ಉಳಿದದ್ದನ್ನು ಇನ್ನೊಂದಕ್ಕೆ ಸುರಿದಿದ್ದೆ! ಈಗ ಪೂರ್ತಿ ಕರಗಿಸಿ, ಕಲಕಿ, ಅಳೆದು ಹಾಕುತ್ತೇನೆ. ನಮ್ಮ ರಸದಲ್ಲಿ ಲೀಟರಿಗೆ 190 ಗ್ರಾಂ ಸಕ್ಕರೆ ಇರುತ್ತದೆ, 100 ಲೀಟರ್ ವೈನಿಗೆ ಐದು ಲೀಟರ್ ರಸ ಸಾಕು. 2.5 ಬಾರ್ ದಾಟಬಾರದು, ಅದು ಕಾನೂನು. ತುಂಬುವುದು ಮಾರ್ಚ್ ಕೊನೆಗೆ, ದಪ್ಪ ಬಾಟಲಿಗೆ, ಸೋಡಾ ಬಾಟಲಿಯಂಥ ಮುಚ್ಚಳ. ಯೀಸ್ಟ್ ಹೇಗೆ ಎಬ್ಬಿಸುತ್ತೇನೆ ಅಂತ ಮಾತ್ರ ಕೇಳಬೇಡಿ.

ಸುಮ್ನೆ ಇರಲಾರದೆ ಊರಿನಿಂದ ತಂದ ಒಣದ್ರಾಕ್ಷಿಯನ್ನೂ ಹತ್ತು ಬಾಟಲಿಗೆ ಹಾಕಿ ನೋಡಿದೆ, ಮನೆಗೆ ಮಾತ್ರ. ಒಂದು ಗುಳ್ಳೆಯೂ ಏಳಲಿಲ್ಲ. ಬಣ್ಣ ಹೊಳೆಯಲಿ ಅಂತ ಹಾಕುವ ಗಂಧಕದ ಹೊಗೆಯೇ ಯೀಸ್ಟನ್ನು ಕೊಂದಿತು ಅಂತ ನನ್ನ ಅನುಮಾನ. ಆ ಹತ್ತೂ ಅಡುಗೆಗೆ ಹೋದವು.

ಬಾಟಲಿಗೆ ಎಲ್ಲಾ ಸೇರಿ ಮೂರು ಯೂರೊ ಬೀಳುತ್ತದೆ, ಮನೆ ಬಾಗಿಲಲ್ಲೇ ಎಂಟೂವರೆಗೆ ಹೋಗುತ್ತಿದೆ. ತಳದಲ್ಲಿ ಗಷ್ಟು ಇದೆ ಅಂತ ವಾಪಸ್ ತಂದವರೂ ಇದ್ದಾರೆ, ಅಲುಗಾಡಿಸಿ ಕುಡಿಯಿರಿ ಅಂದು ಕಳಿಸಿದೆ. ಮುಂದಿನ ವರ್ಷ ಸೊರ್ಬಾರಾ ಅನ್ನುವ ಇನ್ನೊಂದು ಲಾಂಬ್ರುಸ್ಕೊ ತಳಿ ನೆಡುತ್ತೇನೆ. ಅದರ ಹೂವಿನ ಪರಾಗ ಕೆಲಸಕ್ಕೆ ಬಾರದು, ಪಕ್ಕದಲ್ಲಿ ಸಲಾಮಿನೊದಂಥ ಬೇರೆ ತಳಿ ಇದ್ದರೇ ಕಾಯಿ ಚೆನ್ನಾಗಿ ಕಟ್ಟುವುದು. ಸಲಾಮಿನೊ ಹೇಗೂ ನಮ್ಮಲ್ಲಿದೆ. ಮಾವ ಮಾತ್ರ ಈಗಲೇ “ಆಗಲ್ಲ” ಅಂತಿದ್ದಾರೆ.