ಬದನೆ ಮಡಿಗೆ ಚೆಂಡು ಹೂ: ನನ್ನ ಅನುಭವ

ಈ ಸಲ ಎಳ್ಳಮಾವಾಸ್ಯೆ ಭಜ್ಜಿಗೆ ಹಾಕಿದ ಬದನೆಕಾಯಿ ನಮ್ಮ ಹಿತ್ತಲಿನದೇ. ಮೆಂತ್ಯ, ಉಳ್ಳಾಗಡ್ಡಿ ತಪ್ಪಲು ಕೂಡ ನಮ್ಮವೇ. ಮೂರು ವರ್ಷ ಒಂದು ಬದನೆ ಗಿಡವನ್ನೂ ನೆಟ್ಟಗೆ ಉಳಿಸಿಕೊಳ್ಳಲಾಗದೆ ಸಂತೆಯಿಂದ ತಂದವಳು ನಾನು. ಅದಕ್ಕೇ ಬರೀಬೇಕು ಅನ್ನಿಸಿತು.

ಕಲಬುರಗಿಯ ನಮ್ಮ ಮನೆ ಹಿಂದೆ ನಾಲ್ಕು ಮಡಿ ಇವೆ. ಒಂದೊಂದೂ 4 ಅಡಿ ಅಗಲ, 10 ಅಡಿ ಉದ್ದ. ಎರೆ ಮಣ್ಣು, ಮಳೆಗೆ ನೀರು ನಿಲ್ಲುತ್ತದೆ. ಹಾಗಾಗಿ ಸುತ್ತ ಶಹಾಬಾದ್ ಕಲ್ಲು ನಿಲ್ಲಿಸಿ ಒಂದಡಿ ಎತ್ತರ ಮಾಡಿದ್ದೇನೆ. ಗೊಬ್ಬರ, ಜೀವಾಮೃತದ (ಸಗಣಿ, ಗಂಜಲ, ಬೆಲ್ಲ ಕಲಸಿ ಕೊಳೆಸಿದ ನೀರು) ಮಾತು ನಿಮಗೆ ಗೊತ್ತಿರುವಂಥದ್ದೇ, ಅದನ್ನು ಬಿಡುತ್ತೇನೆ.

ಬೆಳೆ ಬದಲಿಸೋದು ನಾನು ಮೊದಲಿನಿಂದ ಮಾಡುತ್ತಲೇ ಇದ್ದೆ. ಬದನೆ ಆದ ಮೇಲೆ ಬೆಂಡಿ, ಆಮೇಲೆ ಟಮಾಟೆ, ಆಮೇಲೆ ಸೌತೆ. ಆದರೂ ಗಿಡ ಮೊಳಕಾಲುದ್ದ ಬಂದು ನಿಂತುಬಿಡುತ್ತಿತ್ತು. ಮಧ್ಯಾಹ್ನ ಬಾಡೋದು, ಸಂಜೆ ಏಳೋದು, ಹದಿನೈದು ದಿನಕ್ಕೆ ಎಲೆ ಹಳದಿ. ನೀರು ಜಾಸ್ತಿ ಕೊಟ್ಟೆ. ಎರೆಹುಳು ಗೊಬ್ಬರ ತಂದು ಸುರಿದೆ. ಯಾವುದೋ ಅಂಗಡಿಯವರು ಕೊಟ್ಟ ಪುಡಿಗೆ 600 ರೂಪಾಯಿ ಸುಮ್ನೆ ಹೋಯಿತು. ಎಲ್ಲಾ ಸೇರಿ ಮೂರು ವರ್ಷಕ್ಕೆ ಎಂಟೊಂಬತ್ತು ಸಾವಿರ ಆಗಿರಬೇಕು, ಬಂದ ಬದನೆ ಹತ್ತು ಕಿಲೋ ದಾಟಲಿಲ್ಲ.

ಒಂದು ದಿನ ಸಿಟ್ಟು ಬಂದು ಗಿಡ ಕಿತ್ತು ಬೇರು ತೊಳೆದು ನೋಡಿದೆ. ಬೇರಿನ ತುಂಬ ಗಂಟು, ಹಸಿ ಶುಂಠಿ ಹಾಗೆ. ಬೇರುಗಂಟಿನ ಜಂತುಹುಳು! ಮಣ್ಣಲ್ಲಿದ್ದು ಬೇರಿನೊಳಗೆ ಹೊಕ್ಕು ಬದುಕುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಬದನೆ, ಬೆಂಡಿ, ಟಮಾಟೆ, ಸೌತೆ ನಾಲ್ಕೂ ಅದಕ್ಕೆ ಇಷ್ಟ. ಅಂದರೆ ಬೆಳೆ ಬದಲಿಸುತ್ತೇನೆ ಅಂತ ವರ್ಷವಿಡೀ ಅದನ್ನೇ ಸಾಕಿದ್ದೆ.

ಕಾಳಿನ ಬೆಳೆ ಹಾಕಿ, ಸರಿ ಹೋಗುತ್ತದೆ ಅಂತ ಕೆಲವರು ಅಂದರು. ಅಲಸಂದಿ ಹಾಕಿದೆ, ಅದಕ್ಕೂ ಗಂಟು ಬಂತು. ಇಲ್ಲಿ ಮೋಸ ಹೋಗಬೇಡಿ, ಅಲಸಂದಿ ಬೇರಿಗೆ ಒಳ್ಳೆ ಗಂಟೂ ಇರುತ್ತವೆ, ಗಿಡಕ್ಕೆ ಸಾರಜನಕ ಒದಗಿಸುವಂಥವು. ಒಳ್ಳೇದು ಉಗುರು ತಾಗಿಸಿದರೆ ಉದುರುತ್ತದೆ, ಒಡೆದರೆ ಒಳಗೆ ತಿಳಿ ಕೆಂಪು. ಜಂತಿನ ಗಂಟು ಬೇರೇ ಊದಿಕೊಂಡಿದ್ದು, ಕಿತ್ತರೆ ಬೇರು ಹರಿಯುತ್ತದೆಯೇ ಹೊರತು ಗಂಟು ಬಿಡೋದಿಲ್ಲ.

ನಮ್ಮ ಕಡೆ ಬಿಸಿಲಿಗೇನು ಕಮ್ಮಿ ಅಲ್ವಾ? ಬಿಸಿಗೆ ಹುಳ ಸಾಯಲಿ ಅಂತ ಏಪ್ರಿಲ್‌ನಲ್ಲಿ ಮಡಿಗೆ ಹಾಳೆ ಹೊದಿಸಿದೆ. ಮೊದಲನೇ ವರ್ಷ ಕರಿ ತಾಡಪತ್ರಿ ಹೊದಿಸಿದ್ದೆ, ಅದೂ ಒಣ ಮಣ್ಣಿಗೆ, ಗಾಳಿಗೆ ಅಂಚು ಎದ್ದೂ ಹೋಯಿತು. ಏನೂ ಆಗಲಿಲ್ಲ. ಮರು ವರ್ಷ ಮಡಿ ಚೆನ್ನಾಗಿ ತೋಯಿಸಿ, ಆಚೆ ಕಾಣುವಂಥ ತೆಳು ಪ್ಲಾಸ್ಟಿಕ್ ಎಳೆದು, ಅಂಚಿಗೆಲ್ಲ ಮಣ್ಣು ಮುಚ್ಚಿ ಆರು ವಾರ ಬಿಟ್ಟೆ. ಹಾಳೆಗೆ 250 ರೂಪಾಯಿ ಇರಬೇಕು. ಹಾಳೆಯ ಒಳಗೆ ಬೆರಳು ಇಟ್ಟರೆ ಸುಡುತ್ತಿತ್ತು. ಆದರೆ ಬಿಸಿ ಮೇಲಿನ ಮಣ್ಣಿಗಷ್ಟೇ, ಆಳದಲ್ಲಿರೋವು ಉಳಿದು ಮತ್ತೆ ಮೇಲೆ ಬರುತ್ತವೆ.

ಹಾಗಾಗಿ ಹಾಳೆ ತೆಗೆದ ಮೇಲೆ, ಮೃಗಶಿರಾ ಮಳೆಗೆ, ಇಡೀ ಮಡಿಗೆ ಚೆಂಡು ಹೂ ಹಚ್ಚಿದೆ. ಅದರ ಬೇರು ಈ ಹುಳವನ್ನು ತಗ್ಗಿಸುತ್ತದೆ. ಸಣ್ಣ ಹೂವಿನ ಗಿಡ್ಡ ಜಾತಿ, ಗೇಣಿಗೊಂದು, ಎಂಬತ್ತರ ಹತ್ತಿರ ಗಿಡ. ಅಂಚಿಗೆ ನಾಲ್ಕು ಗಿಡ ಹಚ್ಚಿದರೆ ನೋಡೋಕೆ ಚೆಂದ, ಹುಳಕ್ಕೆ ಏನೂ ಆಗೋದಿಲ್ಲ. ಅದನ್ನೂ ಎರಡು ವರ್ಷ ಮಾಡಿ ನೋಡಿದ್ದೆ. ನಡುವೆ ಕಳೆ ಬಿಡಬಾರದು, ಕಳೆ ಬೇರಲ್ಲೂ ಈ ಹುಳ ಬದುಕುತ್ತದೆ.

ನಮ್ಮತ್ತೆಗೆ ಇದು ಸರಿ ಬರಲೇ ಇಲ್ಲ. "ಹೂವ ಕುದಿಸಿ ಉಣ್ಲಾಕ ಬರ್ತದೇನ? ಒಳ್ಳೆ ಮಡಿ ಹಾಳು ಮಾಡಿದಿ" ಅಂದರು. ಪಕ್ಕದ ಮನೆ ಅಕ್ಕೋರೂ ನಕ್ಕರು. ದಸರಾ, ದೀಪಾವಳಿಗೆ ಬಾಗಿಲಿಗೆ, ಗಾಡಿಗೆ ಹೂ ಕೊಳ್ಳಲೇ ಇಲ್ಲ. ಐದಾರು ಕಿಲೋ ಹೂವಾಡಗಿತ್ತಿಗೆ ಕೊಟ್ಟು 300 ರೂಪಾಯಿ ತಂದಾಗ ಅತ್ತೆ ಸುಮ್ಮನಾದರು. ದೀಪಾವಳಿ ಮುಗಿದ ಮೇಲೆ ಗಿಡ ಕತ್ತರಿಸಿ ಅಲ್ಲೇ ಮಣ್ಣಿಗೆ ಸೇರಿಸಿದೆ. ಚಳಿಗಾಲಕ್ಕೆ ಉಳ್ಳಾಗಡ್ಡಿ ಹಾಕಿದೆ.

ಮರು ಜೂನ್‌ನಲ್ಲಿ ಬದನೆ, ಹತ್ತೇ ಸಸಿ. ಗುಣಿಗೆ ಎರಡು ಮುಷ್ಟಿ ಬೇವಿನ ಹಿಂಡಿ, ಜೊತೆಗೆ ಇನ್ನೊಂದು ಕಲಸುತ್ತೇನೆ. ಅದನ್ನು ಈಗ ಹೇಳಲ್ಲ, ಇನ್ನೊಂದು ವರ್ಷ ಪರೀಕ್ಷೆ ಆಗಲಿ. ಗಿಡ ಸೊಂಟ ದಾಟಿದವು. ಸಂಕ್ರಾಂತಿವರೆಗೆ 25 ಕಿಲೋ ಮೇಲೆ ಇಳಿಸಿದ್ದೇನೆ, ಇನ್ನೂ ಹೂ ಬಿಡುತ್ತಿದೆ. ಪಕ್ಕದ ಅಕ್ಕೋರು ಈಗ ಚೆಂಡು ಹೂ ಬೀಜ ಕೇಳಿದ್ದಾರೆ.

ಇನ್ನೊಂದು ಮಡಿಯಲ್ಲಿ ಚೆಂಡು ಹೂವಿನ ಬದಲು ಶೇಂಗಾ ಹಾಕಿದ್ದೆ. ಬೇರು ಸ್ವಚ್ಛ ಇತ್ತು, ಮಕ್ಕಳಿಗೆ ಹಸಿ ಕಾಯಿನೂ ಸಿಕ್ಕಿತು. ಅದೇ ಮಡಿಯಲ್ಲಿ ಈಗ ಟಮಾಟೆ ಇದೆ. ಮುಂದಿನ ತಿಂಗಳು ಬೆಳೆ ಮುಗಿದ ಮೇಲೆ ಕಿತ್ತು ಬೇರು ತೊಳೆದು ನೋಡುತ್ತೇನೆ.