ಒಡವೆ ತೂಕ ಹಾಕಿಸಿದವರ ಜಾಡು ಹಿಡಿದು 93 ಮನೆ ತುಂಬಿಸಿದ್ದು

2023ರ ಯುಗಾದಿಯಂದು, ಅಂದರೆ ಮಾರ್ಚ್ 22ರಂದು, ಅಂಟು ಹಾಕಿದ ಒಂದು ಖಾಕಿ ಲಕೋಟೆಯನ್ನು ನಮ್ಮ ಹಿರಿಯ ವರದಿಗಾರರೊಬ್ಬರ ಕೈಗೆ ಕೊಟ್ಟು, ನಾಮಪತ್ರ ಸಲ್ಲಿಕೆ ಮುಗಿದ ಮೇಲೆ ಎಲ್ಲರೆದುರು ಒಡೆಯಬೇಕೆಂದು ಕೇಳಿಕೊಂಡೆ. ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳ 31 ವಿಧಾನಸಭಾ ಕ್ಷೇತ್ರಗಳಲ್ಲಿ ಕಾಂಗ್ರೆಸ್, ಬಿಜೆಪಿ, ಜೆಡಿಎಸ್‌ನಿಂದ ಯಾರು ಕಣಕ್ಕಿಳಿಯುತ್ತಾರೆ ಎಂಬ ಪಟ್ಟಿ ಅದರಲ್ಲಿತ್ತು. ಕೆಳಮುಖವಾಗಿ 31 ಸಾಲು, ಅಡ್ಡಕ್ಕೆ ಮೂರು ಕಂಬ, ಒಟ್ಟು 93 ಮನೆ. ಆಗಿನ್ನೂ ಚುನಾವಣೆಯ ದಿನಾಂಕವೇ ಘೋಷಣೆಯಾಗಿರಲಿಲ್ಲ. ಕಾಂಗ್ರೆಸ್ಸಿನ 124 ಹೆಸರುಗಳ ಮೊದಲ ಪಟ್ಟಿ ಬಂದದ್ದು ಮೂರು ದಿನಗಳ ಅನಂತರ, ಬಿಜೆಪಿಯ 189 ಹೆಸರುಗಳ ಪಟ್ಟಿ ಬಂದದ್ದು ಏಪ್ರಿಲ್ 11ಕ್ಕೆ. ಮಿತ್ರರು ಇದನ್ನು ಗಿಳಿಶಾಸ್ತ್ರವೆಂದು ಆಡಿಕೊಂಡರು. ಏಪ್ರಿಲ್ 20ರ ಸಂಜೆ ಲಕೋಟೆ ಒಡೆದಾಗ 93ರಲ್ಲಿ 78 ಅಥವಾ 79 ಹೆಸರುಗಳು ಸರಿಯಿದ್ದವು. ಒಂದು ಹೆಸರಿನ ಬಗ್ಗೆ ಈಗಲೂ ತಕರಾರಿದೆಯಾದ್ದರಿಂದ ನಿಖರವಾಗಿ ಹೇಳುತ್ತಿಲ್ಲ.

ಇದರಲ್ಲಿ ಪುಕ್ಕಟೆ ಅಂಕಗಳೂ ಇದ್ದವೆಂದು ಒಪ್ಪಿಕೊಳ್ಳಬೇಕು. ಜೆಡಿಎಸ್ ತನ್ನ ಮೊದಲ ಪಟ್ಟಿಯನ್ನು 2022ರ ಡಿಸೆಂಬರ್‌ನಲ್ಲೇ ಬಿಟ್ಟಿತ್ತು. ಆ ಕಂಬದ ಬಹುಪಾಲು ಮನೆಗಳನ್ನು ಯಾರು ಬೇಕಾದರೂ ತುಂಬಿಸಬಹುದಿತ್ತು. ಬಲವಾಗಿ ಬೇರೂರಿದ ಹಾಲಿ ಶಾಸಕರ ಹೆಸರು ಬರೆಯುವುದೂ ದೊಡ್ಡ ಸಾಧನೆಯೇನಲ್ಲ. ಇವನ್ನೆಲ್ಲ ಕಳೆದರೆ ನಿಜವಾಗಿ ತಲೆ ಕೆಡಿಸಿಕೊಂಡ ಮನೆಗಳು ನಲವತ್ತರ ಆಸುಪಾಸು. ಅವುಗಳಲ್ಲಿ ಇಪ್ಪತ್ತಾರೋ ಇಪ್ಪತ್ತೇಳೋ ನಿಂತವು. ಹಿಂದಿನ ಎರಡು ಚುನಾವಣೆಗಳಲ್ಲಿ ನನಗೆ ಅರ್ಧವೂ ದಕ್ಕಿರಲಿಲ್ಲ.

2013ರಲ್ಲಿ ನಾನು ನಂಬಿದ್ದು ಫ್ಲೆಕ್ಸನ್ನು. ಊರಿನ ವರ್ತುಲ ರಸ್ತೆಯುದ್ದಕ್ಕೂ ಅರುವತ್ತಕ್ಕೂ ಹೆಚ್ಚು ಫ್ಲೆಕ್ಸ್ ಕಟ್ಟಿಸಿದ್ದ ಆಕಾಂಕ್ಷಿಯೊಬ್ಬರಿಗೇ ಟಿಕೆಟ್ ಖಚಿತವೆಂದು ಬರೆದೆ. ಅವರಿಗೆ ಟಿಕೆಟೂ ಸಿಗಲಿಲ್ಲ, ಅವರ ಹುಟ್ಟುಹಬ್ಬದ ಜಾಹೀರಾತಿನ ನಲವತ್ತು ಸಾವಿರ ರೂಪಾಯಿಯೂ ನಮ್ಮ ಪತ್ರಿಕೆಗೆ ಬರಲಿಲ್ಲ. 2018ರಲ್ಲಿ ಜನಸಂದಣಿಯನ್ನು ನಂಬಿದೆ. ಮೈಸೂರು ಜಿಲ್ಲೆಯ ವರುಣಾದಲ್ಲಿ ಬಿಜೆಪಿಯ ಬಿ.ವೈ. ವಿಜಯೇಂದ್ರ ಅವರು ಊರೂರು ಸುತ್ತಿ ಪ್ರಚಾರ ನಡೆಸಿದ್ದರು. ಅವರ ಹಿಂದೆ ಹೋದ ಜನರನ್ನು ಕಣ್ಣಾರೆ ಕಂಡಿದ್ದ ನಾನು ಅವರ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಲಿಲ್ಲ. ನಾಮಪತ್ರಕ್ಕೆ ಒಂದೇ ದಿನ ಉಳಿದಿದ್ದಾಗ, ಏಪ್ರಿಲ್ 23ರಂದು, ನಂಜನಗೂಡಿನ ಬಳಿಯ ಸಭೆಯಲ್ಲಿ ಯಡಿಯೂರಪ್ಪನವರೇ ತಮ್ಮ ಮಗ ಸ್ಪರ್ಧಿಸುವುದಿಲ್ಲವೆಂದು ಘೋಷಿಸಿದರು. ಕುರ್ಚಿಗಳು ಹಾರಾಡಿದ ಆ ಸಭೆಯ ವರದಿಯನ್ನು ಬರೆದವನೂ ನಾನೇ. ಮರುದಿನ ಸಂಪಾದಕರು ನನ್ನ ಹಳೆಯ ವರದಿಯ ತುಣುಕನ್ನು ಕತ್ತರಿಸಿ, ಏನನ್ನೂ ಹೇಳದೆ ನನ್ನ ಮೇಜಿನ ಗಾಜಿನಡಿ ಇಟ್ಟು ಹೋದರು. ಅದು ಅಲ್ಲಿ ಒಂದು ವರ್ಷ ಹಾಗೆಯೇ ಇತ್ತು.

ವಿಧಾನ ಹೊಳೆದದ್ದು ನೋಟರಿಯೊಬ್ಬರ ಜಗುಲಿಯಲ್ಲಿ. ನಾಮಪತ್ರದ ಜೊತೆಗೆ ಕೊಡುವ ನಮೂನೆ 26ರ ಪ್ರಮಾಣಪತ್ರ ಎಷ್ಟು ತಲೆನೋವಿನದೆಂದು ನಿಮಗೆಲ್ಲ ಗೊತ್ತು. 2019ರ ತಿದ್ದುಪಡಿಯ ಅನಂತರ ಅಭ್ಯರ್ಥಿ, ಪತಿ ಅಥವಾ ಪತ್ನಿ, ಅವಿಭಕ್ತ ಕುಟುಂಬ, ಅವಲಂಬಿತರು, ಇವರೆಲ್ಲರ ಐದು ವರ್ಷಗಳ ಆದಾಯದ ವಿವರ ಬೇಕು. ಒಡವೆಯ ತೂಕ ಮತ್ತು ಬೆಲೆ, ಜಮೀನಿನ ಸರ್ವೆ ನಂಬರು, ಸಾಲ, ಬಾಕಿಯಿರುವ ಮೊಕದ್ದಮೆಗಳ ವಿವರ ಬೇಕು. ಸರ್ಕಾರಿ ವಸತಿಯಲ್ಲಿದ್ದವರು ಬಾಡಿಗೆ, ನೀರು, ವಿದ್ಯುತ್ತಿನ ಬಾಕಿಯಿಲ್ಲವೆಂಬ ಪತ್ರವನ್ನೂ ತರಬೇಕು. ಇದೆಲ್ಲ ಎರಡು ದಿನದಲ್ಲಿ ಆಗುವ ಕೆಲಸವಲ್ಲ. ಮೇಲಿನಿಂದ ‘ತಯಾರಾಗಿ’ ಎಂಬ ಮಾತು ಬಂದವರು ಸದ್ದಿಲ್ಲದೆ ಇದನ್ನು ಶುರು ಮಾಡುತ್ತಾರೆ. ಬರದವರು ಫ್ಲೆಕ್ಸ್ ಕಟ್ಟಿಸುತ್ತಾರೆ. ಆ ನೋಟರಿಯ ಟೈಪಿಸ್ಟ್ ಒಂದು ದಿನ ಯಾರ ಹೆಸರನ್ನೂ ಎತ್ತದೆ ಹೇಳಿದ ಮಾತು ನನ್ನ ಕಣ್ಣು ತೆರೆಸಿತು: “ಸಾರ್, ಬಯೋಡೇಟಾ ಹೊಡೆಸೋಕೆ ಹನ್ನೊಂದು ಜನ ಬಂದ್ರು. ಮನೆಯವರ ಪ್ಯಾನ್ ಕಾರ್ಡ್ ತಂದವರು ಇಬ್ಬರೇ.”

ಅಲ್ಲಿಂದ ಮುಂದೆ ನಾನು ರಾಜಕಾರಣಿಗಳ ಮನೆಗಿಂತ ಹೆಚ್ಚಾಗಿ ಚಿನ್ನಬೆಳ್ಳಿ ಅಂಗಡಿಗಳ ಮುಂದೆ ಕುಳಿತೆ. ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, 2023ರ ಫೆಬ್ರುವರಿಯ ಒಂದು ಮಧ್ಯಾಹ್ನ, ಬಹಳ ಕಾಲದಿಂದ ಪರಿಚಯವಿದ್ದ ಅಂಗಡಿಯವರು ಲೋಕಾಭಿರಾಮವಾಗಿ ಮಾತನಾಡುತ್ತಾ, ಊರಿನ ದೊಡ್ಡ ಮನೆಯ ಹೆಣ್ಣುಮಗಳೊಬ್ಬರು ಒಡವೆಗಳನ್ನೆಲ್ಲ ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಬಂದು, ಒಂದೊಂದನ್ನೂ ತೂಗಿಸಿ, ಚೀಟಿಯ ಮೇಲೆ ಗ್ರಾಂ ಬರೆಸಿಕೊಂಡು ಹೋದರೆಂದರು. “ಅಡ ಇಡೋಕಲ್ಲವಂತೆ, ಮಾರೋಕೂ ಅಲ್ಲವಂತೆ. ಬರೀ ತೂಕ ಬೇಕಂತೆ” ಎಂದು ಅವರು ನಕ್ಕರು. ನಾನು ನಗಲಿಲ್ಲ. ಆ ಮನೆಯ ಯಜಮಾನರ ಹೆಸರು ಯಾವ ಪತ್ರಿಕೆಯ ಸಂಭಾವ್ಯರ ಪಟ್ಟಿಯಲ್ಲೂ ಇರಲಿಲ್ಲ. ಅಂದು ಸಂಜೆಯೇ ನನ್ನ ಪುಸ್ತಕದಲ್ಲಿ ಹಳೆಯ ಹೆಸರನ್ನು ಹೊಡೆದುಹಾಕಿ ಅವರ ಹೆಸರು ಬರೆದೆ. ಏಪ್ರಿಲ್‌ನಲ್ಲಿ, ಪಕ್ಷದ ಅಧಿಕೃತ ಅಭ್ಯರ್ಥಿಯೆಂದು ದೃಢಪಡಿಸುವ ಬಿ ಫಾರಂ ಅವರ ಕೈಗೇ ಬಂತು. ಯಾರ ಕಾಗದಪತ್ರವನ್ನೂ ನಾನು ಬಿಚ್ಚಿ ನೋಡಿಲ್ಲ, ಯಾರಿಗೂ ಅದಕ್ಕಾಗಿ ಹಣ ಕೊಟ್ಟಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಾಗದ ಓಡಾಡುತ್ತಿದೆಯೇ ಇಲ್ಲವೇ ಎಂಬುದಷ್ಟೇ ನನಗೆ ಬೇಕಿದ್ದುದು.

ಇದರ ಜೊತೆಗೆ ನೋಡಿದ ಇನ್ನೆರಡು ಗುರುತುಗಳೆಂದರೆ ನ್ಯಾಯಾಲಯದ ನಕಲು ವಿಭಾಗ ಮತ್ತು ಮತದಾರರ ಪಟ್ಟಿ. ಹಳೆಯ ಗಲಾಟೆ ಪ್ರಕರಣಗಳ ದೃಢೀಕೃತ ನಕಲನ್ನು ಒಮ್ಮೆಗೇ ಕೇಳುವವರು ಸುಮ್ಮನೆ ಕೇಳುವುದಿಲ್ಲ. ಬೇರೆ ಕ್ಷೇತ್ರದಲ್ಲಿ ಮತವಿರುವವರು ನಾಮಪತ್ರದ ಜೊತೆಗೆ ಆ ಭಾಗದ ಮತದಾರರ ಪಟ್ಟಿಯ ದೃಢೀಕೃತ ಪ್ರತಿ ಕೊಡಬೇಕಾಗುತ್ತದೆ. ಆ ರಗಳೆಯೇ ಬೇಡವೆಂದು ಕೆಲವರು ಮನೆಮಂದಿಯ ಮತವನ್ನೇ ವರ್ಗಾಯಿಸಿಕೊಳ್ಳುತ್ತಾರೆ. ಕೆಪಿಸಿಸಿಗೆ, ಅಂದರೆ ರಾಜ್ಯ ಕಾಂಗ್ರೆಸ್ ಸಮಿತಿಗೆ, ಐದು ಸಾವಿರ ರೂಪಾಯಿಯ ಅರ್ಜಿಯೊಂದಿಗೆ ಎರಡು ಲಕ್ಷದ ಡಿ.ಡಿ. ಕಟ್ಟಿದವರ ಪಟ್ಟಿಯಿಂದ (ಪರಿಶಿಷ್ಟರಿಗೆ ಒಂದು ಲಕ್ಷ) ನನಗೆ ಹೆಚ್ಚೇನೂ ಪ್ರಯೋಜನವಾಗಲಿಲ್ಲ. ಎರಡು ಲಕ್ಷ ಕೊಟ್ಟು ಐದು ವರ್ಷ ‘ಟಿಕೆಟ್ ಆಕಾಂಕ್ಷಿ’ ಎನಿಸಿಕೊಳ್ಳುವುದು ಕೆಲವರಿಗೆ ಅಗ್ಗದ ವ್ಯವಹಾರ.

ಇನ್ನೂ ಒಂದು ಗುರುತಿದೆ. ಅದು ಬಿ ಫಾರಂನಲ್ಲಿ ಬದಲಿ ಅಭ್ಯರ್ಥಿಯ ಹೆಸರು ಬರೆಯಲು ಇರುವ ಜಾಗಕ್ಕೆ ಸಂಬಂಧಿಸಿದ್ದು. ಮೊದಲನೆಯವರ ಜೊತೆಗೆ ಎರಡನೆಯವರೂ ಕಾಗದ ಮಾಡಿಸತೊಡಗಿದರೆ ಅದನ್ನು ಹೇಗೆ ಓದಬೇಕೆಂಬುದರಲ್ಲೇ 2018ರ ವರುಣಾಕ್ಕೂ 2023ಕ್ಕೂ ಇರುವ ವ್ಯತ್ಯಾಸವಿದೆ. ಮುಂದಿನ ಚುನಾವಣೆ ಮುಗಿಯುವವರೆಗೆ ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಖರ್ಚಿನ ಮಾತಿಗೆ ಬಂದರೆ, 2022ರ ಸೆಪ್ಟೆಂಬರ್‌ನಿಂದ ಯುಗಾದಿಯವರೆಗೆ ಪೆಟ್ರೋಲು, ಬಸ್ಸು, ಕಾಫಿ, ಊಟವೆಂದು ಕೈಯಿಂದ ಮೂವತ್ತೆಂಟು ಸಾವಿರದಷ್ಟು ಹೋಯಿತು. ಪತ್ರಿಕೆ ಕೊಟ್ಟದ್ದು ಆರು ಸಾವಿರ. ನಿಜವಾದ ಪೆಟ್ಟು ಬೇರೆ ಕಡೆಯಿಂದ ಬಿತ್ತು. ಫೆಬ್ರುವರಿಯಲ್ಲಿ ಒಂದು ಜಿಲ್ಲೆಯ ಭಾಗವನ್ನು ಮಾತ್ರ ಪ್ರಕಟಿಸಿದ್ದೆವು. ಅದರಲ್ಲಿ ತಮ್ಮ ಹೆಸರಿಲ್ಲವೆಂದು ಮುನಿಸಿಕೊಂಡ ಆಕಾಂಕ್ಷಿಯೊಬ್ಬರು ಸುಮಾರು ಎಪ್ಪತ್ತೈದು ಸಾವಿರದ ಪೂರ್ಣಪುಟ ಜಾಹೀರಾತನ್ನು ಹಿಂತೆಗೆದುಕೊಂಡರು. ನನಗೆ ಬರಬೇಕಿದ್ದ ಹನ್ನೊಂದು ಸಾವಿರದ ಕಮಿಷನ್ನೂ ಅದರ ಜೊತೆಗೇ ಹೋಯಿತು. ಉಳಿದ ಜಿಲ್ಲೆಗಳನ್ನು ಪ್ರಕಟಿಸುವುದು ಬೇಡವೆಂದು ಸಂಪಾದಕರು ಹೇಳಿದ್ದರಿಂದಲೇ ನನಗೆ ಲಕೋಟೆಯ ದಾರಿ ಹಿಡಿಯಬೇಕಾಯಿತು.

ಈ ನಡುವೆ ಮಾಡಿದ ಅಡ್ಡ ಪ್ರಯೋಗಗಳ ಕಥೆಯೂ ಇದೆ. ನಾಮಪತ್ರಕ್ಕೆ ಮುಹೂರ್ತ ಕೇಳಿಕೊಂಡು ಬರುವವರ ಲೆಕ್ಕ ಹಿಡಿಯಲು ಪುರೋಹಿತರೊಬ್ಬರ ಬಳಿ ನಾಲ್ಕು ವಾರ ಹೋದೆ. ಟಿಕೆಟ್ ಸಿಗುವ ಸಾಧ್ಯತೆ ಎಳ್ಳಷ್ಟೂ ಇಲ್ಲದವರೂ ಮುಹೂರ್ತ ಕೇಳಿಯೇ ಕೇಳುತ್ತಾರೆಂಬುದಷ್ಟೇ ತಿಳಿಯಿತು. ಒಂದೇ ಕ್ಷೇತ್ರದ ಒಂದೇ ಪಕ್ಷದ ಐವರಿಗೆ ಅವರು ಒಂದೇ ಗಳಿಗೆ ಬರೆದುಕೊಟ್ಟಿದ್ದರು. ಕುಕ್ಕರ್, ಸೀರೆ ಹಂಚಿದವರ ಲೆಕ್ಕವನ್ನೂ ಎರಡು ತಿಂಗಳು ಇಟ್ಟೆ. ಹಂಚಿದವರಲ್ಲಿ ಮೂರನೇ ಒಂದು ಭಾಗಕ್ಕೂ ಟಿಕೆಟ್ ಸಿಗಲಿಲ್ಲ. ಇವೆಲ್ಲಕ್ಕಿಂತ ಚೆನ್ನಾಗಿ ಫಲ ಕೊಟ್ಟದ್ದು ಗ್ರಾಮದೇವತೆಯ ಹಬ್ಬದ ಆಮಂತ್ರಣ ಪತ್ರಿಕೆ. ಅದರಲ್ಲಿ ಹೆಸರು ಹಿಂದೆ ಮುಂದೆ ಆಗುವುದಕ್ಕೆ ಊರಿನ ಯಜಮಾನರು ಬಹಳ ಯೋಚಿಸುತ್ತಾರೆ. ಹಿಂದಿನ ವರ್ಷದ ಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಯಾರು ಮೇಲೇರಿದ್ದಾರೆಂದು ತಿಳಿಯುತ್ತದೆ. ಆದರೆ ಇದು ಹಳ್ಳಿಗಳಿರುವ ಕ್ಷೇತ್ರಕ್ಕೆ ಮಾತ್ರ ಸರಿ, ಮೈಸೂರು ನಗರದಲ್ಲಿ ಕೆಲಸಕ್ಕೆ ಬರುವುದಿಲ್ಲ.

ಗೆದ್ದ ಮನೆಗಳಲ್ಲಿ ಎರಡನ್ನು ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ. ಸಿದ್ದರಾಮಯ್ಯನವರು ಜನವರಿಯಲ್ಲಿ ಕೋಲಾರದಲ್ಲೇ ನಿಂತು ಅಲ್ಲಿಂದಲೇ ಸ್ಪರ್ಧಿಸುವುದಾಗಿ ಹೇಳಿದ್ದರೂ ನನ್ನ ಪಟ್ಟಿಯ ವರುಣಾದ ಕಾಂಗ್ರೆಸ್ ಮನೆಯಲ್ಲಿ ಅವರ ಹೆಸರೇ ಇತ್ತು. ಅಲ್ಲಿ ಹಾಲಿ ಶಾಸಕರಾಗಿದ್ದ ಅವರ ಮಗ ಯತೀಂದ್ರ ಅವರ ಓಡಾಟ ತಮಗಾಗಿ ಮಾಡಿಕೊಳ್ಳುವ ಓಡಾಟದಂತೆ ನನಗೆ ಕಂಡಿರಲಿಲ್ಲ. ಇನ್ನೊಂದು ಹಾಸನ. ಭವಾನಿ ರೇವಣ್ಣ ಅವರು ತಾವೇ ಜೆಡಿಎಸ್ ಅಭ್ಯರ್ಥಿಯೆಂದು ಹೇಳಿಕೊಂಡಿದ್ದರಿಂದ ಪತ್ರಕರ್ತ ಮಿತ್ರರಲ್ಲಿ ಹೆಚ್ಚಿನವರು ಅದನ್ನೇ ಬರೆದಿದ್ದರು. ಸಾಮಾನ್ಯ ಕಾರ್ಯಕರ್ತನಿಗೇ ಟಿಕೆಟ್ ಎಂಬ ಮಾತಿನಿಂದ ಆ ಪಕ್ಷದ ನಾಯಕ ಕುಮಾರಸ್ವಾಮಿಯವರು ಒಂದಿಂಚೂ ಕದಲದಿದ್ದುದನ್ನು ನೋಡಿ ನಾನು ಸ್ವರೂಪ್ ಪ್ರಕಾಶ್ ಹೆಸರು ಬರೆದೆ. ಇಲ್ಲಿ ಅಕ್ಕಸಾಲಿಗರ ಅಂಗಡಿಯ ಅಗತ್ಯವೇ ಬೀಳಲಿಲ್ಲ. ಮೇಲುಕೋಟೆಯ ಕಾಂಗ್ರೆಸ್ ಮನೆಯಲ್ಲಿ ‘ಸರ್ವೋದಯಕ್ಕೆ ಬಿಟ್ಟದ್ದು’ ಎಂದು, ಅಂದರೆ ಸರ್ವೋದಯ ಕರ್ನಾಟಕ ಪಕ್ಷಕ್ಕೆ ಬಿಟ್ಟುಕೊಟ್ಟದ್ದೆಂದು, ಬರೆದಿದ್ದನ್ನು ಒಂದು ಅಂಕವೆಂದು ಎಣಿಸಬೇಕೇ ಬೇಡವೇ ಎಂಬುದೇ ಮೇಲೆ ಹೇಳಿದ ತಕರಾರು.

ಸೋತ ಮನೆಗಳು ಹೆಚ್ಚು ಕಲಿಸಿದವು. ವರುಣಾ ಮತ್ತು ಚಾಮರಾಜನಗರ ಎರಡರಲ್ಲೂ ಬಿಜೆಪಿಗೆ ಸ್ಥಳೀಯರ ಹೆಸರು ಬರೆದಿದ್ದೆ. ಬೆಂಗಳೂರಿನ ಗೋವಿಂದರಾಜನಗರದ ಶಾಸಕರಾಗಿದ್ದ ವಿ. ಸೋಮಣ್ಣನವರನ್ನು ಪಕ್ಷ ಎರಡೂ ಕಡೆ ಇಳಿಸಿದಾಗ ಒಂದೇ ಏಟಿಗೆ ನನ್ನ ಎರಡು ಮನೆ ಬಿದ್ದವು. ಹೊರಗಿನಿಂದ ಬರುವವರ ಒಡವೆ ಹೊರಗಡೆಯೇ ತೂಕವಾಗುತ್ತದೆ. ನನ್ನ ವಿಧಾನಕ್ಕೆ ಇಂದಿಗೂ ಇದಕ್ಕೆ ಮದ್ದಿಲ್ಲ. ಮಂಡ್ಯದಲ್ಲಿ ಜೆಡಿಎಸ್‌ನ ಹಾಲಿ ಶಾಸಕ ಎಂ. ಶ್ರೀನಿವಾಸ್ ಅವರಿಗೇ ಎಂದು ಬರೆದಿದ್ದೆ, ಬಿ.ಆರ್. ರಾಮಚಂದ್ರ ಅವರಿಗೆ ಹೋಯಿತು. ಅರಕಲಗೂಡಿನಲ್ಲಂತೂ ಎ.ಟಿ. ರಾಮಸ್ವಾಮಿಯವರು ಜೆಡಿಎಸ್ ಬಿಟ್ಟು ಬಿಜೆಪಿಗೆ ಬಂದಮೇಲೆ ಟಿಕೆಟ್ ಅವರಿಗೇ ಆಗಬೇಕೆಂದು ಎಲ್ಲರಿಗೂ ಅನ್ನಿಸಿದ್ದಾಗ, ಪಕ್ಷ ಯೋಗಾ ರಮೇಶ್ ಅವರಿಗೆ ಕೊಟ್ಟಿತು. ಮೈಸೂರಿನ ಕೃಷ್ಣರಾಜ ಕ್ಷೇತ್ರದಲ್ಲಿ ಬಿಜೆಪಿಯ ಹಾಲಿ ಶಾಸಕ ರಾಮದಾಸ್ ಅವರ ಹೆಸರು ಬರೆದು ಕೈ ಸುಟ್ಟುಕೊಂಡೆ. ಮೂರನೆಯ ಪಟ್ಟಿಯಲ್ಲಿ ಟಿ.ಎಸ್. ಶ್ರೀವತ್ಸ ಬಂದರು. ಹಾಲಿ ಶಾಸಕರ ಹೆಸರು ಮೊದಲ ಪಟ್ಟಿಯಲ್ಲಿ ಬಾರದಿದ್ದರೆ ಆಸೆ ಬಿಡಬೇಕೆಂಬುದನ್ನು ಅಂದು ಕಲಿತೆ. ಹುಬ್ಬಳ್ಳಿಯಲ್ಲಿ ಶೆಟ್ಟರ್ ಅವರಿಗೂ ಮಹದೇವಪುರದಲ್ಲಿ ಲಿಂಬಾವಳಿಯವರಿಗೂ ಆದದ್ದು ಅದೇ.

ನಂಜನಗೂಡನ್ನು ನಾನು ಗೆಲುವಿನಲ್ಲೂ ಎಣಿಸುವುದಿಲ್ಲ, ಸೋಲಿನಲ್ಲೂ ಎಣಿಸುವುದಿಲ್ಲ. ಕಾಂಗ್ರೆಸ್ಸಿನಿಂದ ಧ್ರುವನಾರಾಯಣ ಅವರೋ ಮಹದೇವಪ್ಪನವರೋ ಎಂದು ಆರು ತಿಂಗಳು ಅಳೆದು ಸುರಿದು, ಧ್ರುವನಾರಾಯಣ ಎಂದು ಬರೆದಿಟ್ಟಿದ್ದೆ. ಮಾರ್ಚ್ 11ರ ಬೆಳಿಗ್ಗೆ ಅವರು ತೀರಿಕೊಂಡ ಸುದ್ದಿ ಬಂತು. ಅಂದು ಆ ಮನೆಯನ್ನು ಅಳಿಸಿ ಖಾಲಿ ಬಿಟ್ಟೆ. ಲಕೋಟೆ ಅಂಟಿಸುವ ಹಿಂದಿನ ರಾತ್ರಿಯಷ್ಟೇ ಅವರ ಮಗ ದರ್ಶನ್ ಹೆಸರು ಬರೆದು, ಟಿ. ನರಸೀಪುರಕ್ಕೆ ಮಹದೇವಪ್ಪನವರ ಹೆಸರು ಸೇರಿಸಿದೆ.

2024ರ ನವೆಂಬರ್‌ನ ಚನ್ನಪಟ್ಟಣ ಉಪಚುನಾವಣೆಯಲ್ಲಿ ಮತ್ತೊಮ್ಮೆ ಪರೀಕ್ಷೆಗಿಳಿದೆ. ಸಿ.ಪಿ. ಯೋಗೇಶ್ವರ್ ಕಣದಲ್ಲಿರುವುದು ಖಚಿತವೆಂದು ಬರೆದು ಪಕ್ಷದ ಜಾಗವನ್ನು ಖಾಲಿ ಬಿಟ್ಟಿದ್ದೆ. ಅದೇ ಹಿರಿಯ ವರದಿಗಾರರು “ಇದು ಪಟ್ಟಿಯಲ್ಲಪ್ಪಾ, ಒಗಟು” ಎಂದು ನಕ್ಕರು. ನಾಮಪತ್ರಕ್ಕೆ ಎರಡು ದಿನ ಉಳಿದಿದ್ದಾಗ, ಅಕ್ಟೋಬರ್ 23ರಂದು, ಯೋಗೇಶ್ವರ್ ಕಾಂಗ್ರೆಸ್ ಸೇರಿ ಅಭ್ಯರ್ಥಿಯಾದರು. ಲಕೋಟೆಯ ಪಂದ್ಯದಲ್ಲಿ ಸೋತವರು ಐದು ಮಂದಿಗೆ ಮೈಲಾರಿ ದೋಸೆ ಕೊಡಿಸಬೇಕೆಂದು 2023ರಲ್ಲೇ ಮಾತಾಗಿತ್ತು. ಚನ್ನಪಟ್ಟಣದ ಅನಂತರ ಅದು ಊಟಕ್ಕೆ ಏರಿತು. ದೋಸೆ ಮಾತ್ರ ಆಗಿದೆ, ಊಟ ಇನ್ನೂ ಬಾಕಿ.